ಫೆಲಿಕ್ಸಣ್ಣನ ಕೋಟಿನ ಐದನೆಯ ಗೆರೆ

೨೦೧೪ರ ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಹತ್ತೂವರೆಯ ಹೊತ್ತಿಗೆ, ನಾನು ಪರ್ತ್ ನಗರದ ಉತ್ತರಕ್ಕಿರುವ ಜೂಂಡಲಪ್‌ನಲ್ಲಿ, ಕೆರೆಯ ಪಕ್ಕದ ಪಾರ್ಕಿನ ಹುಲ್ಲಿನ ಮೇಲೆ, ನನ್ನ ಸ್ನೇಹಿತ ಫೆಲಿಕ್ಸಣ್ಣನ ಬೆನ್ನ ಹಿಂದೆ ನಿಂತಿದ್ದೆ. ಎರಡು ಹೆಜ್ಜೆ ಮುಂದಿಟ್ಟರೆ ಅವರ ಕೋಟು ಕೈಗೆ ಸಿಗುವಷ್ಟು ಹತ್ತಿರ. ಬಿಸಿಲಿತ್ತು. ಕನ್ನಡಕ ಹಾಕಿಕೊಂಡಿದ್ದೆ, ಅದೂ ಹೊಸದು. ನಾನು ಕುಡಿಯುವವನಲ್ಲ. ಹಿಂದಿನ ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡಿದ್ದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಸಂಗತಿ ಕೇಳಿದವರೆಲ್ಲ ಮೊದಲು ವಿಚಾರಿಸುವುದು ಇದನ್ನೇ.

ಇಂಥ ಮಾತುಗಳನ್ನು ನಾನು ನಂಬುತ್ತಿರಲಿಲ್ಲ. ಮಸ್ಕತ್‌ನಲ್ಲಿ ನಾವು ಕೆಲವರು ಒಂದೇ ರೂಮಿನಲ್ಲಿದ್ದಾಗ, ಶುಕ್ರವಾರದ ರಜೆಯಲ್ಲಿ ಊಟ ಮುಗಿದ ಮೇಲೆ ಯಾರಾದರೊಬ್ಬರು ತಮ್ಮೂರಿನ ಹುಣಸೆಮರದ ವಿಷಯವನ್ನೋ ಹಾಳು ಬಾವಿಯ ವಿಷಯವನ್ನೋ ತೆಗೆಯುತ್ತಿದ್ದರು. ನಾನು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದೆ. ನನ್ನ ಕಸುಬು ಹೊಲಿಗೆ. ಮೈಸೂರಿನಲ್ಲಿ ನಮ್ಮಪ್ಪನ ಅಂಗಡಿಯಲ್ಲಿ ಕತ್ತರಿ ಹಿಡಿಯಲು ಕಲಿತೆ. ಮಸ್ಕತ್‌ನಲ್ಲಿ ಯೂನಿಫಾರಂ ಹೊಲಿಯುವ ದೊಡ್ಡ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದೆ. ಹೆಂಡತಿಗೆ ಅಡಿಲೇಡಿನಲ್ಲಿ ಕೆಲಸ ಸಿಕ್ಕಿದ ಮೇಲೆ ಇಲ್ಲಿಗೆ ಬಂದು, ಮಾಡ್ಬರಿಯ ಶಾಪಿಂಗ್ ಸೆಂಟರಿನಲ್ಲಿ ಬಟ್ಟೆ ಸರಿಪಡಿಸಿಕೊಡುವ ಚಿಕ್ಕ ಅಂಗಡಿ ಇಟ್ಟೆ. ಬದುಕಿಡೀ ಅಳತೆ ಪಟ್ಟಿಯ ಜೊತೆಗೇ ಕಳೆದವನು. ಬಟ್ಟೆ ಎಷ್ಟಿದೆಯೋ ಅಷ್ಟೇ ಇರುತ್ತದೆ ಎಂಬುದು ನನಗೆ ನಂಬಿಕೆಯಾಗಿರಲಿಲ್ಲ, ದಿನದ ಅನುಭವವಾಗಿತ್ತು.

ಫೆಲಿಕ್ಸಣ್ಣ ಉಡುಪಿ ಹತ್ತಿರದ ಶಿರ್ವದವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಹರೆಯದಲ್ಲಿ ಭಾರತದ ಸೈನ್ಯದ ಬ್ಯಾಂಡಿನಲ್ಲಿ, ಚೀಲಕ್ಕೆ ಗಾಳಿ ತುಂಬಿ ನುಡಿಸುವ ಬ್ಯಾಗ್‌ಪೈಪ್ ಊದುತ್ತಿದ್ದರು. ಸೈನ್ಯ ಬಿಟ್ಟ ಮೇಲೆ ಮಸ್ಕತ್‌ಗೆ ಬಂದು ಒಂದು ಕಂಪನಿಯ ಸ್ಟೋರ್ ನೋಡಿಕೊಂಡರು. ನಮ್ಮ ರೂಮಿನಲ್ಲಿ ಅವರ ಮಂಚದ ಕೆಳಗೆ ಆ ವಾದ್ಯದ ಪೆಟ್ಟಿಗೆ ಸದಾ ಇರುತ್ತಿತ್ತು. ಕ್ರಿಸ್‌ಮಸ್ ದಿನ ತಾರಸಿಗೆ ಹೋಗಿ ಊದುತ್ತಿದ್ದರು. ಮೊದಲ ವರ್ಷ ಕಟ್ಟಡದ ಕಾವಲುಗಾರ ಮೆಟ್ಟಿಲು ಹತ್ತಿ ಓಡಿ ಬಂದು, ಆಡು ಕುಯ್ಯಲು ಯಾರು ಅನುಮತಿ ಕೊಟ್ಟರು ಎಂದು ಕೇಳಿದ್ದ. ಅದನ್ನು ಹೇಳಿಕೊಂಡು ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ಫೆಲಿಕ್ಸಣ್ಣನೇ.

ಹೆಂಡತಿ ತೀರಿಕೊಂಡ ಮೇಲೆ ಅವರು ಮಗಳು ಲವೀನಾಳ ಮನೆಗೆ, ಜೂಂಡಲಪ್‌ಗೆ ಬಂದರು. ಲವೀನಾ ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಹಗಲೆಲ್ಲ ಒಬ್ಬರೇ ಮನೆಯಲ್ಲಿರಬೇಕಾದ ಮನುಷ್ಯ ಅಲ್ಲಿನ ಒಂದು ಪೈಪ್ ಬ್ಯಾಂಡ್ ಸೇರಿಕೊಂಡರು. ಸ್ಕಾಟ್ಲೆಂಡಿನ ಮೂಲದ ಜನರೇ ಹೆಚ್ಚಿದ್ದ ಆ ಗುಂಪಿನಲ್ಲಿ ಇವರೊಬ್ಬರೇ ನಮ್ಮ ಕಡೆಯವರು. ವಾರಕ್ಕೊಮ್ಮೆ ಫೋನ್ ಮಾಡಿದಾಗ ಬೇರೆ ಮಾತೇ ಇರುತ್ತಿರಲಿಲ್ಲ. "ಇಲ್ಲಿ ನನ್ನನ್ನು ಲವೀನಾನ ಅಪ್ಪ ಅಂತ ಹೇಳುದಿಲ್ಲ ಮಾಸ್ಟ್ರೇ, ಫೆಲಿಕ್ಸ್ ಅಂತ ಹೇಳ್ತಾರೆ" ಎಂದಿದ್ದರು ಒಂದು ಸಲ.

೨೦೧೪ರಲ್ಲಿ ಅವರಿಗೆ ಶ್ವಾಸಕೋಶ ಗಟ್ಟಿಯಾಗುತ್ತ ಬರುವ ಕಾಯಿಲೆಯಿರುವುದು ಗೊತ್ತಾಯಿತು. ಗುಣವಾಗುವಂಥದ್ದಲ್ಲ. ಇನ್ನು ಕೆಲವು ತಿಂಗಳಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಬ್ಯಾಂಡಿನವರು ವರ್ಷಕ್ಕೊಮ್ಮೆ ಪಾರ್ಕಿನಲ್ಲಿ ಊರವರಿಗಾಗಿ ನುಡಿಸುವ ಕಾರ್ಯಕ್ರಮದಲ್ಲಿ, ಶುರುವಿನ ಒಂದು ರಾಗವನ್ನು ಫೆಲಿಕ್ಸಣ್ಣ ಒಬ್ಬರೇ ನುಡಿಸಲಿ ಎಂದು ನಿರ್ಧರಿಸಿದರು. ಮತ್ತೆ ಅವರಿಂದ ಊದಲಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಲವೀನಾ ಬೇಡವೆಂದಳು, ಅತ್ತಳು, ಕೊನೆಗೆ ಒಂದೇ ಒಂದು ರಾಗಕ್ಕೆ ಒಪ್ಪಿದಳು.

ಬ್ಯಾಂಡಿನವರ ಉಡುಪು ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ಚೌಕುಳಿ ಬಟ್ಟೆ. ಅದರ ಮೇಲೆ ಗಿಡ್ಡ ಕೋಟು. ಕಿಲ್ಟನ್ನು ಬ್ಯಾಂಡಿನವರೇ ಕೊಟ್ಟಿದ್ದರು. ಕೋಟು ಅವರವರೇ ಹೊಂದಿಸಿಕೊಳ್ಳಬೇಕು. ಫೆಲಿಕ್ಸಣ್ಣ ಒಂದು ಆಪ್ ಶಾಪಿಗೆ, ಅಂದರೆ ಜನ ಬೇಡವೆಂದು ಕೊಟ್ಟ ಸಾಮಾನನ್ನು ದಾನಕ್ಕಾಗಿ ಮಾರುವ ಅಂಗಡಿಗೆ ಹೋಗಿ, ಹಳೆಯ ಟ್ವೀಡ್ ಕೋಟೊಂದನ್ನು ತಂದುಬಿಟ್ಟರು. ಟ್ವೀಡ್ ಎಂದರೆ ಒರಟಾದ ದಪ್ಪ ಉಣ್ಣೆಬಟ್ಟೆ. ತಂದ ದಿನವೇ ನನಗೆ ಫೋನ್ ಬಂತು.

"ಎದೆ ಹತ್ರ ಸ್ವಲ್ಪ ಬಿಗಿ ಉಂಟು ಮಾಸ್ಟ್ರೇ. ಅದೆಂತ ದೊಡ್ಡ ವಿಷಯ ಅಲ್ಲ ಅಲ್ವ? ಒಳಗೆ ಬಟ್ಟೆ ಇರ್ತದೆ, ನೀವು ಬಿಡಿಸಿ ಕೊಡಿ."

"ಅದಕ್ಕೇನಂತೆ, ಬಿಡಿಸೋಣ" ಎಂದೆ.

ನಮ್ಮ ಕಡೆ ಬೆಳೆದ ಯಾರೇ ಆದರೂ ಹೀಗೆಯೇ ಯೋಚಿಸುತ್ತಾರೆ. ನಮ್ಮ ಟೈಲರ್‌ಗಳು ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡದೆ ಕತ್ತರಿ ಹಾಕುವುದಿಲ್ಲ. ಮದುವೆಯಲ್ಲಿ ಹೊಲಿಸಿದ ಕೋಟನ್ನು ಹೊಟ್ಟೆ ಬಂದ ಮೇಲೂ ಬಿಡಿಸಿ ಹಾಕಿಕೊಳ್ಳಬೇಕಲ್ಲ. ಹಾಗಾಗಿ ಚಿಕ್ಕದಾದ ಬಟ್ಟೆ ಕೊಳ್ಳುವುದಕ್ಕೆ ನಾವು ಹೆದರುವುದಿಲ್ಲ. ಈ ದೇಶದ ಕಾರ್ಖಾನೆಯ ಕೋಟು ಬೇರೆ ಎಂದು ಇಷ್ಟು ವರ್ಷದ ಅಂಗಡಿಯಲ್ಲಿ ನನಗೆ ಗೊತ್ತೇ ಇತ್ತು. ಆದರೂ ಫೋನಿನಲ್ಲಿ ಫೆಲಿಕ್ಸಣ್ಣನ ದನಿ ಕೇಳಿದಾಗ ಬಾಯಿಗೆ ಬಂದದ್ದು ಮೈಸೂರಿನ ಉತ್ತರ.

ನಾನು ಅಂಗಡಿಗೆ ಒಂದು ವಾರ ರಜೆ ಹಾಕಿ, ಕತ್ತರಿ, ಸೀಮೆಸುಣ್ಣ, ದಾರಗಳ ಡಬ್ಬಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಪರ್ತ್‌ಗೆ ಹೋದೆ. ಬಾಗಿಲು ತೆರೆದವರು ಕಿಲ್ಟ್ ಉಟ್ಟ ಫೆಲಿಕ್ಸಣ್ಣ. ನನಗೆ ನಗು ತಡೆಯಲಿಲ್ಲ.

"ಎಂತ ನಗಾಡ್ತೀರಿ? ಮೈಸೂರಿನಲ್ಲಿ ನೀವು ಪಂಚೆ ಎತ್ತಿ ಕಟ್ಟಿಕೊಂಡು ಹಾಲು ತರ್ಲಿಕ್ಕೆ ಹೋಗುದಿಲ್ವ? ಇದೂ ಅದೇ. ನೆರಿಗೆ ಹಿಂದೆ, ಅಷ್ಟೇ."

"ಅಣ್ಣಾ, ಪಂಚೆ ಒಳಗೆ ನಾವು ಚಡ್ಡಿ ಹಾಕ್ತೀವಿ."

"ಅದನ್ನು ಕೇಳ್ಬಾರ್ದು ಮಾರಾಯ್ರೆ. ಇವರ ರೂಲ್ ಪ್ರಕಾರ ಅದು ಸೀಕ್ರೆಟ್."

ನಗುವಿನ ಕೊನೆಗೆ ಕೆಮ್ಮು ಬಂತು. ಆ ಕೆಮ್ಮು ಮುಗಿಯುವವರೆಗೆ ಗೋಡೆಗೆ ಕೈ ಕೊಟ್ಟು ನಿಂತರು. ಅವರು ಎಷ್ಟು ಇಳಿದುಹೋಗಿದ್ದಾರೆ ಎಂದು ನನಗೆ ಗೊತ್ತಾದದ್ದು ಆಗ. ಆದರೆ ಎದೆಗೂಡು ಮಾತ್ರ ಹಾಗೆಯೇ ಅಗಲವಾಗಿತ್ತು. ಮೈ ಕರಗಿದರೂ ಪೀಪಾಯಿಯಂಥ ಆ ಎದೆ ಕರಗಿರಲಿಲ್ಲ.

ಮರುದಿನ ಮಧ್ಯಾಹ್ನ ಕೆಲಸಕ್ಕೆ ಕೂತೆವು. ಬ್ಯಾಂಡಿನ ಬಟ್ಟೆಬರೆ ನೋಡಿಕೊಳ್ಳುವ, ಡ್ರಮ್ ಬಾರಿಸುವ ಹೆದರ್ ಎಂಬ ಹೆಂಗಸು ಸಹಾಯಕ್ಕೆ ಬಂದಿದ್ದರು. ಅರವತ್ತು ದಾಟಿದವರು, ಹೊಲಿಗೆ ಬಲ್ಲವರು. ಅವರ ಇಂಗ್ಲಿಷ್ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪ್ಯಾಂಟಿನ ಮೇಲೆ ಹಾಕುವ ಕೋಟನ್ನು ಕಿಲ್ಟಿಗೆ ಹೊಂದಿಸಲು ಏನು ಮಾಡಬೇಕು ಎಂದು ಸ್ವಲ್ಪ ಹೇಳಬೇಕು. ಕಿಲ್ಟನ್ನು ಹೊಕ್ಕುಳಿನ ಮಟ್ಟಕ್ಕೆ, ಎತ್ತರದಲ್ಲಿ ಕಟ್ಟುತ್ತಾರೆ. ಅದರ ಮುಂದೆ ಒಂದು ಚರ್ಮದ ಚೀಲ ತೂಗುತ್ತದೆ. ಕೋಟು ಉದ್ದವಿದ್ದರೆ ಆ ಚೀಲವೂ ನೆರಿಗೆಯೂ ಮುಚ್ಚಿಹೋಗಿ, ಮನುಷ್ಯ ಲಂಗದ ಮೇಲೆ ಯಾರದೋ ಕೋಟು ಎರವಲು ತಂದ ಹಾಗೆ ಕಾಣುತ್ತಾನೆ. ಆದ್ದರಿಂದ ಕೆಳಗಿನಿಂದ ನಾಲ್ಕು ಬೆರಳು ಕತ್ತರಿಸಬೇಕು. ಮುಂದಿನ ಎರಡು ಅಂಚುಗಳನ್ನು ಗುಂಡಿಯ ಕೆಳಗಿಂದ ಬಾಗಿಸಿ ಹಿಂದಕ್ಕೆ ಒಯ್ಯಬೇಕು. ಜೇಬಿನ ಮುಚ್ಚಳ ಮೇಲೆ ಸರಿಸಬೇಕು. ಹಿಂದಿನ ಸೀಳು ಮುಚ್ಚಬೇಕು. ಕಷ್ಟದ ಕೆಲಸವಲ್ಲ, ಆದರೆ ಒಮ್ಮೆ ಕತ್ತರಿಸಿದರೆ ಮತ್ತೆ ಸೇರಿಸಲಾಗುವುದಿಲ್ಲ.

ಕೋಟಿನ ಬಟ್ಟೆ ಕಂದು ಬಣ್ಣದ್ದು. ಅದರ ಮೇಲೆ ಎರಡಿಂಚಿಗೊಂದರಂತೆ ತೆಳುವಾದ ನೀಲಿ ಗೆರೆಗಳು ಉದ್ದಕ್ಕೆ ಇಳಿದಿದ್ದವು. ಗೆರೆಯ ಬಟ್ಟೆಯಲ್ಲಿ ಕೆಲಸ ಮಾಡುವಾಗ ಎಡಬಲ ಎರಡೂ ಹೊಂದಬೇಕಾದ್ದರಿಂದ ನಾವು ಗೆರೆಗಳನ್ನು ಎಣಿಸಿಕೊಳ್ಳುತ್ತೇವೆ. ಬೆನ್ನಿನ ನಡುವೆ ಒಂದು ಹೊಲಿಗೆ. ಅಲ್ಲಿಂದ ಪಕ್ಕದ ಹೊಲಿಗೆಯವರೆಗೆ ಎಡಕ್ಕೆ ನಾಲ್ಕು ಗೆರೆ, ಬಲಕ್ಕೆ ನಾಲ್ಕು ಗೆರೆ. ನಾನು ಎಣಿಸಿದೆ. ಹೆದರ್ ಸೂಜಿಯ ತುದಿಯಿಂದ ಮುಟ್ಟಿ ಮುಟ್ಟಿ ಎಣಿಸಿದರು. ಇದನ್ನು ನೆನಪಿಡಿ.

ಮೊದಲು ಎದೆಯ ಬಿಗಿ ನೋಡೋಣವೆಂದು, ಗುಂಡಿ ಹಾಕಿಸಿ, "ಉಸಿರು ಎಳ್ಕೊಳ್ಳಿ ಅಣ್ಣ" ಎಂದೆ. ಅರ್ಧ ಎಳೆಯುವಷ್ಟರಲ್ಲಿ ಗುಂಡಿಯ ಸುತ್ತ ಬಟ್ಟೆ ನಕ್ಷತ್ರದ ಹಾಗೆ ಸುಕ್ಕಾಯಿತು. ಬೆನ್ನು ಡೋಲಿನ ಚರ್ಮದಂತೆ ಬಿಗಿದುಕೊಂಡಿತು. ಪಕ್ಕದ ಹೊಲಿಗೆ ಬಿಚ್ಚಿ ನೋಡಿದೆ. ಒಳಗೆ ಕಿರುಬೆರಳಿನ ಅಗಲದಷ್ಟೂ ಬಟ್ಟೆ ಇರಲಿಲ್ಲ. ಕತ್ತರಿಸಿದ ಅಂಚು ಅಲ್ಲೇ ಇತ್ತು. ಐದನೆಯ ನೀಲಿ ಗೆರೆ ಒಳಗೂ ಇರಲಿಲ್ಲ. ಇದ್ದಷ್ಟನ್ನೂ ಬಿಡಿಸಿದರೆ ಸಿಗುವುದು ಒಟ್ಟು ಅರ್ಧ ಇಂಚು. ಅವರು ಪೂರ್ತಿ ಉಸಿರೆಳೆದರೆ ಬೇಕಾದದ್ದು ಮೂರು ಇಂಚು.

"ಫೆಲಿಕ್ಸಣ್ಣ, ಇದರಲ್ಲಿ ಬಟ್ಟೆ ಇಲ್ಲ."

"ಇರ್ತದೆ, ಸರಿಯಾಗಿ ನೋಡಿ."

"ನೋಡಿದೆ. ಬೇರೆ ಕೋಟು ತರೋಣ."

"ಬೇರೆ ಬೇಡ. ಸೈನ್ಯ ಬಿಟ್ಟ ಮೇಲೆ ಕನ್ನಡಿ ಎದುರು ನಿಂತು ನನಗೆ ನಾನೇ ಪೈಪರ್ ಅಂತ ಕಂಡದ್ದು ಈ ಕೋಟಿನಲ್ಲಿ ಮಾತ್ರ."

ಕೆಳಗಿನಿಂದ ಕತ್ತರಿಸುವ ಪಟ್ಟಿಯನ್ನೇ ತುಂಡು ಮಾಡಿ ಕಂಕುಳ ಕೆಳಗೆ ಸೇರಿಸಲೇ ಎಂದು ಕೇಳಿದೆ. ಹೆದರ್ ತಲೆಯಲ್ಲಾಡಿಸಿದರು. ಬ್ಯಾಗ್‌ಪೈಪಿನ ಗಾಳಿಚೀಲವನ್ನು ಒತ್ತಿ ಹಿಡಿಯುವುದು ಎಡಗೈಯ ಕಂಕುಳಲ್ಲೇ. ಅಲ್ಲಿ ತೇಪೆ ಹಾಕಿದರೆ ಉಜ್ಜಿ ಬಿಚ್ಚಿಕೊಳ್ಳುತ್ತದೆ. ಫೆಲಿಕ್ಸಣ್ಣನಂತೂ, "ಬಸ್ಸಿನ ಸೀಟಿಗೆ ಹಾಕಿದ ಹಾಗೆ ಕಾಣ್ತದೆ" ಎಂದು ಮುಖ ತಿರುಗಿಸಿದರು. ಕೊನೆಗೆ ಗುಂಡಿ ಹಾಕದೆ ತೆರೆದುಕೊಂಡೇ ನುಡಿಸುವುದು ಎಂದಾಯಿತು. ಬ್ಯಾಂಡಿನವರ ಆಕ್ಷೇಪವಿಲ್ಲ ಎಂದು ಹೆದರ್ ಹೇಳಿದರು. ಆಸ್ಪತ್ರೆಯಿಂದ ಬಂದ ಲವೀನಾ ಬಾಗಿಲಲ್ಲೇ ನಿಂತು, "ಪಪ್ಪಾ, ಪ್ರಾಮಿಸ್ ಮಾಡಿ. ಬಟನ್ ಹಾಕ್ಬಾರ್ದು. ಉಸಿರಿಗೆ ಜಾಗ ಬೇಕು, ಸ್ಟೈಲ್‌ಗಲ್ಲ" ಎಂದಳು. ಫೆಲಿಕ್ಸಣ್ಣ ಮಾತು ಕೊಟ್ಟರು. ಆ ಮಾತು ಕೊಡುವಾಗ ಅವರು ಮಗಳ ಕಡೆ ನೋಡಲಿಲ್ಲ.

ಬಿಚ್ಚಿದ ಪಕ್ಕದ ಹೊಲಿಗೆಯನ್ನು ಮೊದಲಿದ್ದಂತೆಯೇ ಹಾಕಿ, ಉಳಿದ ಕೆಲಸ ಮುಗಿಸಿದೆ. ಶನಿವಾರ ಮಧ್ಯಾಹ್ನ ಕೋಟಿನ ಅಳತೆಯನ್ನು ಕೊನೆಯ ಬಾರಿ ತೆಗೆದು, ಇಸ್ತ್ರಿ ಹಾಕಿ, ನಾನು ಮಲಗುವ ಕೋಣೆಯ ಕಪಾಟಿನಲ್ಲಿ ತೂಗುಹಾಕಿದೆ. ಭಾನುವಾರ ಬೆಳಿಗ್ಗೆ ಅದನ್ನು ತೆಗೆದು ಫೆಲಿಕ್ಸಣ್ಣನಿಗೆ ತೊಡಿಸಿದವನೂ ನಾನೇ. ನಡುವೆ ಯಾರ ಕೈಗೂ ಅದು ಹೋಗಲಿಲ್ಲ.

ಪಾರ್ಕಿನಲ್ಲಿ ಜನ ಕಂಬಳಿ ಹಾಸಿ ಕೂತಿದ್ದರು. ಒಂದು ಕಡೆ ಬಾರ್ಬಿಯಲ್ಲಿ, ಅಂದರೆ ಪಾರ್ಕಿನ ಬಯಲೊಲೆಯಲ್ಲಿ, ಸಾಸೇಜು ಸುಡುತ್ತಿದ್ದರು. ಬ್ಯಾಂಡಿನವರು ಅರ್ಧ ಚಂದ್ರಾಕಾರವಾಗಿ ನಿಂತರು. ಫೆಲಿಕ್ಸಣ್ಣ ಎಲ್ಲರಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ನಿಂತರು. ಏನಾದರೂ ಆದರೆ ಹಿಡಿದುಕೊಳ್ಳಲು ನಾನು ಹಿಂದೆ, ಲವೀನಾ ಅವರ ಬಲಕ್ಕೆ, ಇನ್ಹೇಲರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಹೆದರ್ ನನ್ನ ಪಕ್ಕದಲ್ಲೇ, ಡ್ರಮ್ ಕಟ್ಟಿಕೊಂಡು, ಕೋಲುಗಳನ್ನು ಕೆಳಗಿಳಿಸಿ ನಿಂತಿದ್ದರು.

ಆಗ ಫೆಲಿಕ್ಸಣ್ಣ ಬೆನ್ನು ನೆಟ್ಟಗೆ ಮಾಡಿದರು. ಬಲಗೈ ಮುಂದಕ್ಕೆ ಹೋಯಿತು. ಹಿಂದಿನಿಂದ ಮೊಣಕೈ ಅಲ್ಲಾಡಿದ್ದಷ್ಟೇ ನನಗೆ ಕಂಡಿತು.

"ಪಪ್ಪಾ!" ಎಂದಳು ಲವೀನಾ, ಮೆಲ್ಲಗೆ, ಹಲ್ಲು ಕಚ್ಚಿ.

ಅವರು ಗುಂಡಿ ಹಾಕಿಕೊಂಡಿದ್ದರು.

ನಾನು ಓಡಿಹೋಗಿ ಬಿಚ್ಚುವ ಹಾಗಿರಲಿಲ್ಲ. ಅಷ್ಟು ಜನ ನೋಡುತ್ತಿದ್ದರು. ಪೈಪು ಆಗಲೇ ಬಾಯಿಗೆ ಹೋಗಿತ್ತು. ಮೊದಲ ಉಸಿರಿಗೇ ಗುಂಡಿ ಹಾರುತ್ತದೆ, ಅಥವಾ ಗುಂಡಿ ತಡೆದು ಉಸಿರೇ ಸಾಲದೆ ರಾಗ ನಡುವೆ ಕುಸಿಯುತ್ತದೆ ಎಂದುಕೊಂಡು ಅವರ ಬೆನ್ನಿನ ನಡು ಹೊಲಿಗೆಯ ಮೇಲೆ ಕಣ್ಣು ನೆಟ್ಟೆ. ಬಟ್ಟೆ ಬಿಗಿಯುವುದು ಮೊದಲು ಗೊತ್ತಾಗುವುದು ಅಲ್ಲೇ.

ಅವರು ಉಸಿರೆಳೆದರು. ಆ ಮನೆಯಲ್ಲಿ ಅಷ್ಟು ದಿನದಲ್ಲಿ ನಾನು ಕೇಳಿರದಂಥ ಉದ್ದನೆಯ ಉಸಿರು. ಬೆನ್ನಿನ ಬಟ್ಟೆ ಬಿಗಿಯಲಿಲ್ಲ. ಬದಲಿಗೆ ಭುಜದ ಮೂಳೆಗಳ ನಡುವೆ ಎರಡು ಮಡಿಕೆ ಬಿದ್ದವು, ದೊಡ್ಡಾಳಿನ ಕೋಟನ್ನು ಸಣ್ಣಾಳು ತೊಟ್ಟರೆ ಬೀಳುವಂಥ ಸಡಿಲ ಮಡಿಕೆ. ಕಂಕುಳಲ್ಲಿ ಗಾಳಿಚೀಲ ಉಬ್ಬಿ ವಾದ್ಯ ಎದ್ದು ನಿಂತಿತು. ರಾಗ ಶುರುವಾಯಿತು. ನಿಧಾನವಾದ ರಾಗ, ಹೆಸರು ನನಗೆ ಗೊತ್ತಿಲ್ಲ.

ನಾನು ಗೆರೆ ಎಣಿಸಿದೆ. ಬೇಕೆಂದು ಎಣಿಸಿದ್ದಲ್ಲ, ಕಸುಬಿನವನ ಕಣ್ಣು ತಾನಾಗಿ ಎಣಿಸುತ್ತದೆ. ನಡು ಹೊಲಿಗೆಯಿಂದ ಎಡಕ್ಕೆ ಐದು. ತಪ್ಪಿದೆ ಎಂದು ಮತ್ತೆ ಎಣಿಸಿದೆ. ಐದು. ಬಲಕ್ಕೆ ಎಣಿಸಿದೆ. ಅಲ್ಲೂ ಐದು. ಐದನೆಯ ಗೆರೆ ಉಳಿದವುಗಳಂತೆಯೇ ತೆಳುವಾಗಿ, ನೀಲಿಯಾಗಿ, ಅಷ್ಟೇ ಅಂತರದಲ್ಲಿ, ಭುಜದ ಕೆಳಗಿಂದ ನಾನು ಹಿಂದಿನ ದಿನ ಮಡಿಸಿ ಹೊಲಿದ ಅಂಚಿನವರೆಗೆ ಇಳಿದಿತ್ತು. ಅಂಚಿನ ಹೊಲಿಗೆ ನನ್ನದೇ. ನನ್ನ ಕೈಹೊಲಿಗೆ ಸ್ವಲ್ಪ ಓರೆ ಬೀಳುತ್ತದೆ. ಅದನ್ನು ಎಲ್ಲಿದ್ದರೂ ಗುರುತಿಸುತ್ತೇನೆ.

ಪಕ್ಕಕ್ಕೆ ನೋಡಿದೆ. ಹೆದರ್ ಡ್ರಮ್ ಕೋಲಿನ ತುದಿಯನ್ನು ಗಾಳಿಯಲ್ಲಿ ಸಣ್ಣಗೆ ಆಡಿಸುತ್ತಿದ್ದರು. ತಾಳ ಹಾಕುತ್ತಿರಲಿಲ್ಲ, ಎಣಿಸುತ್ತಿದ್ದರು. ನನ್ನ ಕಡೆ ಬಾಗಿ, ತುಟಿ ಅಲ್ಲಾಡಿಸದೆ ಕೇಳಿದರು. "ಬಟ್ಟೆ ಎಲ್ಲಿಂದ ತಂದು ಸೇರಿಸಿದೆ, ಮೇಟ್?"

"ಸೇರಿಸಲಿಲ್ಲ" ಎಂದೆ.

ಅವರು ನನ್ನ ಮುಖ ನೋಡಿದರು. ಮತ್ತೆ ಕೋಟಿನ ಕಡೆ ತಿರುಗಿದರು. ಕೋಲಿನ ತುದಿ ಮತ್ತೆ ಮೊದಲ ಗೆರೆಯಿಂದ ಶುರುಮಾಡಿತು.

ರಾಗದ ಮಧ್ಯದಲ್ಲಿ ಫೆಲಿಕ್ಸಣ್ಣ ಕೊಂಚ ಹಿಂದಕ್ಕೆ ವಾಲಿದರು. ಲವೀನಾ ತಟ್ಟನೆ ಮುಂದೆ ಬಂದು ಅವರ ಬೆನ್ನಿಗೆ ಕೈ ಹಾಕಿದಳು. ಕೈಗೆ ಸಿಕ್ಕ ಬಟ್ಟೆಯನ್ನು ಮುಷ್ಟಿ ತುಂಬ ಹಿಡಿದುಕೊಂಡಳು. ಬಸ್ಸಿನಲ್ಲಿ ಮಕ್ಕಳು ಅಮ್ಮನ ಸೆರಗನ್ನು ಹಿಡಿಯುವಂತೆ, ಅಷ್ಟು ಬಟ್ಟೆ. ಫೆಲಿಕ್ಸಣ್ಣ ನೆಟ್ಟಗಾದರು. ಅವಳು ಕೈ ಬಿಡಲಿಲ್ಲ. ರಾಗ ಮುಗಿಯುವವರೆಗೂ ಹಾಗೆಯೇ ಹಿಡಿದಿದ್ದಳು. ಅವರು ಒಂದು ಸ್ವರವನ್ನೂ ಬಿಡದೆ, ಎಲ್ಲೂ ಕುಸಿಯದೆ, ಕೊನೆಯವರೆಗೆ ನುಡಿಸಿದರು. ಕೊನೆಯ ಸ್ವರವನ್ನು ಬೇಕೆಂದೇ ಉದ್ದ ಮಾಡಿದರು ಎಂದು ನನಗನ್ನಿಸಿತು.

ಚಪ್ಪಾಳೆಯ ನಡುವೆ ಅವರನ್ನು ಮಡಿಚುವ ಕುರ್ಚಿಗೆ ತಂದು ಕೂರಿಸಿದೆವು. ಕೂರುತ್ತಿದ್ದಂತೆ ಅವರ ಮುಖ ಕಪ್ಪಿಟ್ಟಿತು. "ಮಾಸ್ಟ್ರೇ, ಬಟನ್ ತೆಗೀರಿ, ಬಟನ್" ಎಂದರು. ಕೈ ಹಾಕಿದೆ. ಗುಂಡಿ ಬಿಚ್ಚಲಾಗಲಿಲ್ಲ. ಅಷ್ಟು ಬಿಗಿ. ಹೆದರ್ ಎರಡೂ ಅಂಚುಗಳನ್ನು ಒಂದರತ್ತ ಒಂದನ್ನು ಎಳೆದು ಹಿಡಿದ ಮೇಲೆ ಗುಂಡಿ ಕಾಜಾದಿಂದ ಹೊರಬಂತು. ಸುತ್ತಲೂ ಆ ನಕ್ಷತ್ರದ ಸುಕ್ಕು ಹಾಗೆಯೇ ಇತ್ತು. ಲವೀನಾ ಇನ್ಹೇಲರ್ ಕೊಟ್ಟಳು. ಸ್ವಲ್ಪ ಹೊತ್ತಿಗೆ ಅವರ ಬಣ್ಣ ತಿರುಗಿತು.

ಕೋಟನ್ನು ತೆಗೆದು ನಾನೂ ಹೆದರ್ ಪಾರ್ಕಿನ ಮೇಜಿನ ಮೇಲೆ ಹರಡಿದೆವು. ಅಳತೆ ಪಟ್ಟಿ ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಎದೆಯ ಅಳತೆ ಶನಿವಾರದ್ದೇ, ಒಂದು ಕೂದಲೆಳೆ ಹೆಚ್ಚಿಲ್ಲ. ಎಡಕ್ಕೆ ನಾಲ್ಕು ಗೆರೆ. ಬಲಕ್ಕೆ ನಾಲ್ಕು ಗೆರೆ. ಹೆದರ್ ಅಸ್ತರನ್ನು ತಿರುಗಿಸಿ ಒಳಗೆಲ್ಲ ಬೆರಳಾಡಿಸಿದರು. ಏನೂ ಇರಲಿಲ್ಲ. ಇಬ್ಬರೂ ಸೇರಿ ಅದನ್ನು ಮಡಿಸಿಟ್ಟೆವು.

ಮನೆಗೆ ಬಂದ ಮೇಲೆ ಫೆಲಿಕ್ಸಣ್ಣನನ್ನು ಕೇಳಿದೆ, ಊದುವಾಗ ಎದೆಗೆ ಹಿಡಿಯಲಿಲ್ಲವೇ ಎಂದು.

"ಎಂಥ ಹಿಡಿಯುದು? ನೀವು ಬಿಡಿಸಿದ್ರಲ್ಲ. ಒಳಗೆ ಬಟ್ಟೆ ಇರ್ತದೆ ಅಂತ ನಾನು ಹೇಳ್ಲಿಲ್ವ? ಸುಮ್ಮನೆ ಇಲ್ಲ ಇಲ್ಲ ಅಂತ ಹೆದರ್ಸಿದ್ರಿ."

ಲವೀನಾ ನನ್ನ ಮುಖ ನೋಡಿದಳು. ನಾನು, "ಹೂಂ ಅಣ್ಣ, ಸ್ವಲ್ಪ ಸಿಕ್ಕಿತು" ಎಂದೆ. ಅವರು ತೃಪ್ತಿಯಿಂದ ಗಂಜಿ ಕುಡಿದು ಮಲಗಿದರು. ಅದನ್ನು ಅವರು ಹಾಗೆಯೇ ನಂಬಿಕೊಂಡರು. ನಾನು ತಿದ್ದಲು ಹೋಗಲಿಲ್ಲ.

ಓದುವವರಿಗೆ ಬರುವ ಅನುಮಾನಗಳೆಲ್ಲ ನನಗೂ ಬಂದಿವೆ. ಉಣ್ಣೆಬಟ್ಟೆ ತೇವಕ್ಕೆ ಹಿಗ್ಗುತ್ತದೆ, ನಿಜ. ಹಿಗ್ಗಿದರೆ ಗೆರೆಗಳ ಅಂತರ ಹೆಚ್ಚಾಗಬೇಕು, ಹೊಸ ಗೆರೆ ಹುಟ್ಟಬಾರದು. ಕೋಟು ಬದಲಾಯಿತೇ? ನನ್ನ ಹೊಲಿಗೆಯಿರುವ ಇನ್ನೊಂದು ಕೋಟು ಈ ಲೋಕದಲ್ಲಿಲ್ಲ. ಯಾರಾದರೂ ತುಂಡು ಸೇರಿಸಿದರೇ? ಕತ್ತರಿಸಿದ ಪಟ್ಟಿಗಳು ನನ್ನ ಬ್ಯಾಗಿನಲ್ಲೇ ಇದ್ದವು. ಸೇರಿಸಿದ್ದರೂ ರಾಗ ಮುಗಿದು ಕುರ್ಚಿಗೆ ಬರುವಷ್ಟರಲ್ಲಿ ಬಿಚ್ಚಿದವರು ಯಾರು? ಗಾಬರಿಯಲ್ಲಿ ನಾನು ತಪ್ಪು ಎಣಿಸಿರಬಹುದು ಎನ್ನಬಹುದು. ಒಪ್ಪುತ್ತೇನೆ, ನಾನೊಬ್ಬನೇ ಎಣಿಸಿದ್ದರೆ. ಫೋಟೋ ಇಲ್ಲವೇ ಎಂದೂ ಕೇಳುತ್ತಾರೆ. ಇವೆ, ಬೇಕಾದಷ್ಟು. ಎಲ್ಲವೂ ಜನ ಕೂತಿದ್ದ ಕಡೆಯಿಂದ, ಮುಂದಿನಿಂದ ತೆಗೆದವು. ಅವುಗಳಲ್ಲಿ ಗುಂಡಿ ಹಾಕಿರುವುದು ಕಾಣುತ್ತದೆ. ಎದೆ ತುಂಬಿರುವುದು ಕಾಣುತ್ತದೆ. ಮೂರು ಇಂಚು ಕಡಿಮೆಯಿದ್ದ ಕೋಟಿನಲ್ಲಿ ಅವೆರಡೂ ಒಟ್ಟಿಗೆ ಇರುವಂತಿಲ್ಲ. ದೇವರ ಹೆಸರನ್ನೂ ದೆವ್ವದ ಹೆಸರನ್ನೂ ನಾನು ಇದಕ್ಕೆ ಹಚ್ಚುವುದಿಲ್ಲ. ಕಂಡದ್ದು ಕಂಡಿತು ಎಂದು ಮಾತ್ರ ಹೇಳುತ್ತೇನೆ, ಅದರಿಂದ ಹಿಂದೆ ಸರಿಯುವುದಿಲ್ಲ.

ಫೆಲಿಕ್ಸಣ್ಣ ಮತ್ತೆ ಊದಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಕಿಲ್ಟ್ ಮತ್ತು ಆ ಕೋಟು ತೊಡಿಸಿಯೇ ಮಣ್ಣು ಮಾಡಬೇಕೆಂದು ಹೇಳಿಟ್ಟಿದ್ದರಂತೆ. ಆ ಹೊತ್ತಿಗೆ ಅವರ ಮೈಯಲ್ಲಿ ಏನೂ ಉಳಿದಿರಲಿಲ್ಲ, ಉಸಿರೂ ಇರಲಿಲ್ಲ. ಆದರೂ ಗುಂಡಿ ಸೇರಲಿಲ್ಲ. ಶವ ಸಿದ್ಧಪಡಿಸುವವರು ಬೆನ್ನಿನ ಬಟ್ಟೆಯನ್ನು ಉದ್ದಕ್ಕೆ ಸೀಳಿ ತೊಡಿಸಿದರು ಎಂದು ಲವೀನಾ ಫೋನಿನಲ್ಲಿ ಹೇಳಿದಳು. ಹೀಗೆ ಆ ಕೋಟೂ ಹೋಯಿತು.

ಆ ಬೆಳಿಗ್ಗೆ ನಡೆದದ್ದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಇನ್ನಿಬ್ಬರು ಬದುಕಿದ್ದಾರೆ. ಒಬ್ಬರು ಹೆದರ್. ಈಗ ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಮಗನ ಮನೆಯ ಹತ್ತಿರ ಒಂದು ಫ್ಲ್ಯಾಟಿನಲ್ಲಿದ್ದಾರೆ. ನೆಂಟರ ಮದುವೆಗೆಂದು ಆ ಊರಿಗೆ ಹೋದಾಗ ಒಂದು ಸಂಜೆ ಅವರನ್ನು ನೋಡಿಕೊಂಡು ಬಂದೆ. ಆ ವಿಷಯ ನಾನು ಎತ್ತಲಿಲ್ಲ. ಟೀ ಕಪ್ಪು ನನ್ನ ಕೈಗೆ ಕೊಡುತ್ತಾ ಅವರೇ, "ಐದು ತಾನೆ?" ಎಂದರು. "ಐದು" ಎಂದೆ. "ಎರಡೂ ಕಡೆ?" "ಎರಡೂ ಕಡೆ." ಆಮೇಲೆ ಮಳೆಯ ವಿಷಯ ಮಾತಾಡಿದೆವು.

ಇನ್ನೊಬ್ಬಳು ಲವೀನಾ. ಈಗಲೂ ಜೂಂಡಲಪ್‌ನಲ್ಲೇ, ಅದೇ ಆಸ್ಪತ್ರೆಯಲ್ಲಿ. ಇದನ್ನು ಬರೆಯುವ ಮೊದಲು ಅವಳಿಗೆ ಫೋನ್ ಮಾಡಿ, ನಿನ್ನ ಹೆಸರು ಹಾಕಬಹುದೇ ಎಂದು ಕೇಳಿದೆ.

"ಹಾಕಿ ಅಂಕಲ್" ಎಂದಳು. "ಆ ಗೆರೆ ಗಿರೆ ಎಲ್ಲ ನಂಗೆ ಗೊತ್ತಿಲ್ಲ. ನಾನು ಎಣಿಸ್ಲೂ ಇಲ್ಲ. ನನ್ನ ಕೈಯಲ್ಲಿ ಬಟ್ಟೆ ಇತ್ತು. ಅಷ್ಟು ಬರೀರಿ."